ಅರಿಜೋನಾದಲ್ಲಿ ಮಗಳಿಗೆ ಚಾರ್ಟರ್ ಶಾಲೆಯೋ, ಡಿಸ್ಟ್ರಿಕ್ಟ್ ಶಾಲೆಯೋ? ಅನುಭವವಿದ್ದವರು ದಯವಿಟ್ಟು ತಿಳಿಸಿ

ಪ್ರಶ್ನೆ: ನಾವು ಜೂನ್‌ನಲ್ಲಿ ಬೆಂಗಳೂರಿನಿಂದ ಚಾಂಡ್ಲರ್‌ಗೆ ಬರುತ್ತಿದ್ದೇವೆ. ಮಗಳು ಐದನೆಯ ತರಗತಿಗೆ ಸೇರಬೇಕು. ಪರಿಚಿತರಲ್ಲಿ ಕೆಲವರು ಕಣ್ಣು ಮುಚ್ಚಿಕೊಂಡು ಚಾರ್ಟರ್ ಶಾಲೆಗೆ ಸೇರಿಸಿ ಎನ್ನುತ್ತಾರೆ. ಇನ್ನು ಕೆಲವರು ಅದು ಸರಕಾರಿ ಶಿಕ್ಷಣವನ್ನು ಖಾಸಗಿಯವರ ಕೈಗೊಪ್ಪಿಸುವ ಉಪಾಯ ಎನ್ನುತ್ತಾರೆ. ಅಲ್ಲಿ ಮಕ್ಕಳನ್ನು ಓದಿಸಿದವರು ಏನು ಕಂಡಿರಿ?

ಚಾಂಡ್ಲರ್‌ನಿಂದ ಒಬ್ಬ ತಂದೆ:

ಚಾರ್ಟರ್ ಶಾಲೆ ಖಾಸಗಿ ಶಾಲೆಯಲ್ಲ. ನಮ್ಮೂರಿನ ಅನುದಾನಿತ ಶಾಲೆಯನ್ನು ನೆನಪಿಸಿಕೊಂಡರೆ ಅರ್ಧದಷ್ಟು ಅರ್ಥವಾಗುತ್ತದೆ: ಹಣ ಸರಕಾರದ್ದು, ಆಡಳಿತ ಬೇರೆ ಮಂಡಳಿಯದು. ಶುಲ್ಕವಿಲ್ಲ, ಪ್ರವೇಶ ಪರೀಕ್ಷೆಯಿಲ್ಲ. ಅರ್ಜಿಗಳು ಹೆಚ್ಚಾದರೆ ಲಾಟರಿ ಎತ್ತುತ್ತಾರೆ. ವ್ಯತ್ಯಾಸವಿರುವುದು ಹೊಣೆಗಾರಿಕೆಯಲ್ಲಿ. ಡಿಸ್ಟ್ರಿಕ್ಟ್ ಶಾಲೆಗಳು ಎಂದರೆ ಆಯಾ ಪ್ರದೇಶದ ಸಾಮಾನ್ಯ ಸರಕಾರಿ ಶಾಲೆಗಳು; ಅವುಗಳ ಮಂಡಳಿಯನ್ನು ಊರಿನವರು ಮತ ಹಾಕಿ ಆರಿಸುತ್ತಾರೆ. ಚಾರ್ಟರ್ ಶಾಲೆಯ ಮಂಡಳಿಯನ್ನು ಹಾಗೆ ಆರಿಸುವುದಿಲ್ಲ, ಅದು ತನಗೆ ಪರವಾನಗಿ (ಚಾರ್ಟರ್) ಕೊಟ್ಟ ಸಂಸ್ಥೆಗೆ ಉತ್ತರ ಹೇಳಬೇಕು. ಇಂತಹ ಕಾನೂನು ಮೊದಲು ಬಂದದ್ದು 1991ರಲ್ಲಿ, ಮಿನ್ನೆಸೋಟದಲ್ಲಿ. ಅರಿಜೋನಾ 1994ರಲ್ಲಿ ಬಾಗಿಲು ತೆರೆಯಿತು, ಅದೂ ಬಹಳ ಅಗಲವಾಗಿ. ಇಲ್ಲಿನ ಚಾರ್ಟರ್ ಒಪ್ಪಂದದ ಅವಧಿ 15 ವರ್ಷ, ಶಿಕ್ಷಕರಿಗೆ ನಮ್ಮ ಬಿ.ಎಡ್‌ನಂತಹ ಅರ್ಹತಾ ಪತ್ರ ಸಾಮಾನ್ಯವಾಗಿ ಕಡ್ಡಾಯವಲ್ಲ, ಮತ್ತು ಸರಕಾರಿ ಹಣದಲ್ಲಿ ಓದುವ ಮಕ್ಕಳಲ್ಲಿ ಸುಮಾರು ಐವರಲ್ಲಿ ಒಬ್ಬರು ಈಗ ಚಾರ್ಟರ್ ಶಾಲೆಯಲ್ಲಿದ್ದಾರೆ.

ನನ್ನ ಮಗ ಅಂತಹ ಒಂದು ಶಾಲೆಯಲ್ಲಿ ಆರು ವರ್ಷ ಓದಿದ. ಗಣಿತ ಚೆನ್ನಾಗಿ ಬಂತು, ಬರೆಯುವ ಅಭ್ಯಾಸ ಇನ್ನೂ ಚೆನ್ನಾಗಿ ಬಂತು, ಅದನ್ನು ಮರೆಮಾಚುವುದಿಲ್ಲ. ಆದರೆ ಅವನು ಸೇರಿದಾಗ ಆರನೆಯ ತರಗತಿಗೆ ನಾಲ್ಕು ವಿಭಾಗಗಳಿದ್ದವು, ಹನ್ನೊಂದನೆಯದಕ್ಕೆ ಬರುವಷ್ಟರಲ್ಲಿ ಎರಡೇ ಉಳಿದವು. ಬಿಟ್ಟುಹೋದವರ ಜಾಗಕ್ಕೆ ಹೊಸಬರು ಬರಲಿಲ್ಲ. ಉಳಿದ ಮಕ್ಕಳ ಅಂಕಗಳನ್ನು ಹಿಡಿದು ಶಾಲೆ ರಾಷ್ಟ್ರಮಟ್ಟದ ಸ್ಥಾನ ಪಡೆಯಿತು. ಜರಡಿಯಲ್ಲಿ ಉಳಿದ ಕಾಳನ್ನಷ್ಟೇ ತೋರಿಸಿ ಹೊಲದ ಗುಣ ಹೇಳಿದಂತಾಯಿತು. ಆದ್ದರಿಂದ ರ‍್ಯಾಂಕ್ ನೋಡುವ ಮೊದಲು, ಐದನೆಯ ತರಗತಿಗೆ ಸೇರಿದವರಲ್ಲಿ ಎಷ್ಟು ಮಂದಿ ಅಲ್ಲಿಯೇ ಮುಗಿಸುತ್ತಾರೆ, ವರ್ಷಕ್ಕೆ ಎಷ್ಟು ಶಿಕ್ಷಕರು ಕೆಲಸ ಬಿಡುತ್ತಾರೆ ಎಂದು ನೇರವಾಗಿ ಕೇಳಿ. ಬಸ್ ಇದೆಯೇ ಎಂದೂ ಕೇಳಿ; ನಮಗೆ ಇರಲಿಲ್ಲ, ಆರು ವರ್ಷವೂ ಕಾರಿನ ಸಾಲಿನಲ್ಲಿ ಕುಳಿತೇ ಕಾಫಿ ಕುಡಿದೆವು.

ಗಿಲ್ಬರ್ಟ್‌ನಿಂದ ಒಬ್ಬ ತಾಯಿ:

ನನ್ನ ಮಗಳಿಗೆ ಡಿಸ್ಲೆಕ್ಸಿಯಾ (ಓದು ಬರಹ ಕಲಿಯುವುದು ಕಷ್ಟವಾಗುವ ತೊಂದರೆ) ಇದೆ. ಅಂಗವೈಕಲ್ಯವಿರುವ ಮಕ್ಕಳ ಶಿಕ್ಷಣದ ಕೇಂದ್ರ ಕಾನೂನು ಚಾರ್ಟರ್ ಶಾಲೆಗಳಿಗೂ ಅನ್ವಯಿಸುತ್ತದೆ, ಆದ್ದರಿಂದ ಯಾರೂ ನಮ್ಮನ್ನು ಹೊರಗೆ ಹೋಗಿ ಎನ್ನಲಿಲ್ಲ. ಪ್ರತಿ ಸಭೆಯಲ್ಲಿಯೂ ‘ನಮ್ಮ ವೇಗ ಇವಳಿಗೆ ಹೊಂದುತ್ತದೆಯೇ ಯೋಚಿಸಿ’ ಎಂದು ಬಹಳ ಮರ್ಯಾದೆಯಿಂದ ಹೇಳುತ್ತಿದ್ದರು, ಅಷ್ಟೇ. ಎರಡನೆಯ ವರ್ಷ ನಾವೇ ಡಿಸ್ಟ್ರಿಕ್ಟ್ ಶಾಲೆಗೆ ಬಂದೆವು. ಅಲ್ಲಿ ಓದುವುದನ್ನು ಕಲಿಸಲೆಂದೇ ತರಬೇತಾದ ಶಿಕ್ಷಕಿ ದಿನವೂ ಸಿಗುತ್ತಾರೆ. ನಿಮ್ಮ ಮಗಳಿಗೆ ವಿಶೇಷ ನೆರವು ಬೇಕಿಲ್ಲದಿದ್ದರೆ ಈ ಮಾತನ್ನು ಬಿಟ್ಟುಬಿಡಿ.

ಬಾಸ್ಟನ್ ಬಳಿಯ ಡಿಸ್ಟ್ರಿಕ್ಟ್ ಶಾಲೆಯೊಂದರ ಶಿಕ್ಷಕಿ:

ಮೇಲಿನ ತಂದೆಯವರ ಜರಡಿಯ ಮಾತು ಎಲ್ಲ ಕಡೆಗೂ ಸಲ್ಲುವುದಿಲ್ಲ. ಬಾಸ್ಟನ್‌ನಲ್ಲಿ ಲಾಟರಿ ಗೆದ್ದ ಮಕ್ಕಳನ್ನೂ ಸೋತ ಮಕ್ಕಳನ್ನೂ ಹೋಲಿಸಿ ನೋಡಿದ ಅಧ್ಯಯನಗಳಲ್ಲಿ ಚಾರ್ಟರ್ ಮಕ್ಕಳ ಗಳಿಕೆ ಸ್ಪಷ್ಟವಾಗಿಯೇ ಹೆಚ್ಚಿತ್ತು. ಗೆದ್ದವರ ಲೆಕ್ಕದಲ್ಲಿ ನಡುವೆ ಬಿಟ್ಟುಹೋದವರೂ ಸೇರಿದ್ದರು. ಹಾಗಿದ್ದರೂ 2016ರಲ್ಲಿ ಇಂತಹ ಶಾಲೆಗಳ ಸಂಖ್ಯೆಯ ಮಿತಿಯನ್ನು ಸಡಿಲಿಸಬೇಕೇ ಎಂದು ಮತಕ್ಕೆ ಹಾಕಿದಾಗ ಬಾಸ್ಟನ್ ಇರುವ ಮ್ಯಾಸಚೂಸೆಟ್ಸ್‌ನ ಸುಮಾರು ಶೇ. 62ರಷ್ಟು ಮತದಾರರು ಬೇಡವೆಂದರು. ಕಾರಣ ನನ್ನ ತರಗತಿಯಲ್ಲಿಯೇ ಕಾಣುತ್ತದೆ: ಇಪ್ಪತ್ತೈದರಲ್ಲಿ ಮೂವರು ಚಾರ್ಟರ್‌ಗೆ ಹೋದರೆ ಅವರ ಪಾಲಿನ ಹಣವೂ ಹೋಗುತ್ತದೆ, ಆದರೆ ಚಾವಣಿಯ ದುರಸ್ತಿ, ಬಸ್ಸಿನ ಡೀಸೆಲ್, ನನ್ನ ಸಂಬಳ ಯಾವುದೂ ಮೂವರ ಪಾಲಿನಷ್ಟು ಕಡಿಮೆಯಾಗುವುದಿಲ್ಲ. ಕೊನೆಗೆ ಹೋಗುವುದು ಸಂಗೀತದ ಅವಧಿ.

ದೇಶವ್ಯಾಪಿ ಚಿತ್ರ ಇನ್ನೂ ಏರುಪೇರಾಗಿದೆ. ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 2009ರಲ್ಲಿ ನೋಡಿದಾಗ ಗಣಿತದಲ್ಲಿ ಶೇ. 17ರಷ್ಟು ಚಾರ್ಟರ್ ಶಾಲೆಗಳು ಡಿಸ್ಟ್ರಿಕ್ಟ್ ಶಾಲೆಗಳಿಗಿಂತ ಮೇಲಿದ್ದವು, ಶೇ. 37ರಷ್ಟು ಕೆಳಗಿದ್ದವು. ಅವರದೇ 2023ರ ವರದಿಯಲ್ಲಿ ಚಾರ್ಟರ್ ಮಕ್ಕಳು ಸರಾಸರಿಯಲ್ಲಿ ತುಸು ಮುಂದಿದ್ದರು, ಆನ್‌ಲೈನ್ ಚಾರ್ಟರ್‌ಗಳ ಮಕ್ಕಳು ಮಾತ್ರ ಬಹಳ ಹಿಂದೆ ಉಳಿದಿದ್ದರು. ಅಂಥದ್ದಕ್ಕೆ ಮಾತ್ರ ಸೇರಿಸಬೇಡಿ. 1988ರಲ್ಲಿ ಈ ಕಲ್ಪನೆಗೆ ದೇಶದಾದ್ಯಂತ ಪ್ರಚಾರ ಕೊಟ್ಟವರು ಶಿಕ್ಷಕರ ಸಂಘದ ಅಧ್ಯಕ್ಷ ಆಲ್ಬರ್ಟ್ ಶಾಂಕರ್; ಮುಂದೆ ಅವರೇ ಅದರ ಟೀಕಾಕಾರರಾದರು ಎಂಬುದನ್ನು ಚಾರ್ಟರ್ ಪರ ಇರುವವರೂ ವಿರೋಧಿಸುವವರೂ ತಮಗೆ ಬೇಕಾದಷ್ಟೇ ನೆನೆಯುತ್ತಾರೆ.

ಮತ್ತೆ ಚಾಂಡ್ಲರ್‌ನ ತಂದೆ:

ಬಾಸ್ಟನ್ನಿನ ಮಾತನ್ನು ಒಪ್ಪುತ್ತೇನೆ. ನಾನು ಹೇಳಿದ್ದು ಒಂದು ಶಾಲೆಯ ಕಥೆ. ಪ್ರಶ್ನೆ ಕೇಳಿದವರಿಗೆ ಒಂದು ಮಾತು ಬಿಟ್ಟುಹೋಗಿತ್ತು. ಹೆಸರಾದ ಚಾರ್ಟರ್‌ಗಳ ಲಾಟರಿ ಚಳಿಗಾಲದಲ್ಲಿಯೇ ಮುಗಿದಿರುತ್ತದೆ, ಜೂನ್‌ನಲ್ಲಿ ಬರುವವರಿಗೆ ಸಿಗುವುದು ಕಾಯುವ ಪಟ್ಟಿ. ಶಾಲೆ ಜುಲೈನಲ್ಲಿಯೇ ತೆರೆಯಬಹುದು. ಪಟ್ಟಿಯಲ್ಲಿ ಹೆಸರು ಬರೆಸಿ, ಮನೆಯ ಹತ್ತಿರದ ಡಿಸ್ಟ್ರಿಕ್ಟ್ ಶಾಲೆಗೆ ಸೇರಿಸಿ. ಅಲ್ಲಿ ಮೇಲಿನ ಮಟ್ಟದ ಗಣಿತದ ತರಗತಿ ಇದೆಯೇ ಎಂದು ಮೊದಲ ವಾರವೇ ವಿಚಾರಿಸಿ. ಕೇಳದೆ ಯಾರೂ ಹೇಳುವುದಿಲ್ಲ. ಮೂರು ತಿಂಗಳ ಮೇಲೆ ಚಾರ್ಟರ್‌ನಿಂದ ಕರೆ ಬಂದರೆ, ಮಗಳಿಗೆ ಅಷ್ಟರಲ್ಲಿ ಗೆಳತಿಯರಾಗಿರುತ್ತಾರೆ. ಅವಳನ್ನೂ ಒಂದು ಮಾತು ಕೇಳಿ.