ಎಪ್ಪತ್ತೆರಡರ ಬರದಲ್ಲಿ ಉಳಿದ ಜನ ಧಾತು ಬರದಲ್ಲಿ ಏಕೆ ಉಳಿಯಲಿಲ್ಲ?

ಬೋರಿದಂಡೆ (ಅಕ್ಕಲಕೋಟೆ ತಾಲ್ಲೂಕು):
ನಮ್ಮ ಅಜ್ಜಿ ಮಹಾರಾಷ್ಟ್ರದ 1972ರ ಬರದಲ್ಲಿ ರಸ್ತೆ ಕಾಮಗಾರಿಗೆ ಹೋಗಿ ಖಡಿ ಒಡೆದವರು. ಕೆಂಪು ಮೈಲೋ ಜೋಳದ ರೊಟ್ಟಿ ತಟ್ಟುವಾಗಲೇ ಹರಿಯುತ್ತಿತ್ತೆಂದೂ, ಕೆಲಸದ ಜಾಗದಲ್ಲಿ ಸುಕಡಿ ಎಂಬ ಪೌಷ್ಟಿಕ ತಿನಿಸು ಹಂಚುತ್ತಿದ್ದರೆಂದೂ ಇಂದಿಗೂ ಹೇಳುತ್ತಾರೆ. ಆದರೆ ಊರಿನಲ್ಲಿ ಯಾರಾದರೂ ಹಸಿವಿನಿಂದ ಸತ್ತದ್ದು ಅವರ ನೆನಪಿನಲ್ಲಿಲ್ಲ. ಮೈಸೂರಿನ ಕಡೆಯವರು ಧಾತು ಈಶ್ವರ ಬರವೆಂದು ಕರೆಯುವ 1876–78ರ ಬರದಲ್ಲಾದರೋ ಊರಿಗೆ ಊರೇ ಬರಿದಾದ ವಿವರಗಳಿವೆ. ಎರಡು ಸಲವೂ ಮಳೆ ಕೈಕೊಟ್ಟಿತು, ಎರಡು ಸಲವೂ ಸರ್ಕಾರ ಕಾಮಗಾರಿ ತೆರೆಯಿತು. ಹಾಗಿದ್ದರೆ ವ್ಯತ್ಯಾಸವಾದದ್ದು ಎಲ್ಲಿ?

ನಿವೃತ್ತ ಮಾಸ್ತರ, ಸೊಲ್ಲಾಪುರ:
ಮಳೆಯ ಲೆಕ್ಕವನ್ನು ಬದಿಗಿಟ್ಟು ಕೂಲಿಯ ಲೆಕ್ಕವನ್ನು ನೋಡಬೇಕು. 1873–74ರಲ್ಲಿ ಬಿಹಾರದಲ್ಲಿ ಬರ ಬಿದ್ದಾಗ ಬ್ರಿಟಿಷ್ ಅಧಿಕಾರಿ ರಿಚರ್ಡ್ ಟೆಂಪಲ್ ಬರ್ಮಾದಿಂದ ಅಕ್ಕಿ ತರಿಸಿ ಸಾವುಗಳನ್ನು ಬಹುಮಟ್ಟಿಗೆ ತಡೆದನು. ಅದಕ್ಕೆ ಅವನಿಗೆ ಸಿಕ್ಕಿದ್ದು ದುಂದುಗಾರನೆಂಬ ಟೀಕೆ. ಮೂರು ವರ್ಷಗಳ ನಂತರ ವೈಸ್‌ರಾಯ್ ಲಿಟ್ಟನ್ ಅದೇ ಟೆಂಪಲ್‌ನನ್ನು ಖರ್ಚು ಹಿಡಿತದಲ್ಲಿಡಲೆಂದು ದಕ್ಷಿಣಕ್ಕೆ ಕಳುಹಿಸಿದಾಗ, ಅವನು ದಿನವಿಡೀ ದುಡಿಯುವ ಗಂಡಾಳಿಗೆ ಒಂದು ಪೌಂಡು, ಎಂದರೆ ಸುಮಾರು 450 ಗ್ರಾಂ ಧಾನ್ಯ ಮತ್ತು ಒಂದಾಣೆ ಸಾಕೆಂದು ನಿಗದಿಪಡಿಸಿದನು. ಹೆಂಗಸರಿಗೂ ಮಕ್ಕಳಿಗೂ ಅದಕ್ಕಿಂತ ಕಡಿಮೆ. ಕಲ್ಲೊಡೆಯುವವನ ಹೊಟ್ಟೆಗೆ ಇದು ಸಾಲದೆಂದು ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ತಕರಾರು ಮಾಡಿದನು. ಮುಂಬಯಿ ಪ್ರಾಂತದಲ್ಲಿ ಸಾವಿರಾರು ಜನ ಕಾಮಗಾರಿಯನ್ನೇ ಬಿಟ್ಟು ಹೊರಟರು, ಪುಣೆಯ ‘ಸಾರ್ವಜನಿಕ ಸಭೆ’ ಎಂಬ ಸಂಘ ಅವರ ಪರವಾಗಿ ನಿಂತಿತು. ಹಸಿದವರು ಮಾಡಿದ ಮುಷ್ಕರವಿದು ಎಂಬುದನ್ನು ನಾವು ಮರೆತೇಬಿಟ್ಟಿದ್ದೇವೆ. ಇತ್ತ ವ್ಯಾಪಾರಕ್ಕೆ ಕೈಹಾಕಬಾರದೆಂಬ ನೀತಿಯಿಂದಾಗಿ ಗೋಧಿ ಹಡಗೇರಿ ಇಂಗ್ಲೆಂಡಿಗೆ ಹೋಗುತ್ತಲೇ ಇತ್ತು. 1871ರಲ್ಲಿ 50.5 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ 41.8 ಲಕ್ಷಕ್ಕೆ ಇಳಿದಿತ್ತು.

ಹೋಟಗಿಯವ:
ಮಾಸ್ತರರೇ, ರೈಲಿನ ಮಾತನ್ನೇ ತಾವು ಬಿಟ್ಟಿರಿ. ಆ ಬರದ ನಂತರ ಧಾನ್ಯ ಸಾಗಿಸುವುದಕ್ಕೆಂದೇ ನಮ್ಮ ಹೋಟಗಿಯಿಂದ ಗದಗಿಗೆ ಹಳಿ ಹಾಕಿ 1884ರಲ್ಲಿ ಗಾಡಿ ಓಡಿಸಿದರು. ಹಿಂದೆ ಎತ್ತಿನ ಗಾಡಿಯಲ್ಲಿ ಎಷ್ಟು ಜೋಳ ತರಲು ಸಾಧ್ಯವಿತ್ತು, ಅದೂ ಎತ್ತುಗಳೇ ಮೇವಿಲ್ಲದೆ ಸಾಯುತ್ತಿದ್ದಾಗ?

ನಿವೃತ್ತ ಮಾಸ್ತರ, ಸೊಲ್ಲಾಪುರ:
ಒಳನಾಡಿನ ಮಟ್ಟಿಗೆ ತಮ್ಮ ಮಾತನ್ನು ಒಪ್ಪುತ್ತೇನೆ. ಆದರೆ ಸೊಲ್ಲಾಪುರಕ್ಕೆ ರೈಲು 1860ರಲ್ಲಿಯೇ ಬಂದಿತ್ತು, ಆದರೂ ಈ ಜಿಲ್ಲೆ 1876ರಲ್ಲಿ ನರಳಿತು. ಹೋಟಗಿಯ ಹಳಿ ಬಿದ್ದ ಮೇಲೂ 1896–97 ಮತ್ತು 1899–1900ರ ಬರಗಳು ಬಂದವು. ಧಾನ್ಯದ ಚೀಲ ಸ್ಟೇಷನ್ನಿನಲ್ಲಿ ಇಳಿದರಾಯಿತೇ, ಕೊಳ್ಳುವವನ ಕೈಯಲ್ಲಿ ಕಾಸು ಬೇಡವೇ?

ಬಿಳಿಜೋಳ, ಜತ್:
ಈ ಕಾಸಿನ ಮಾತೇ 1972ಕ್ಕೂ ಅನ್ವಯಿಸುತ್ತದೆ. ಬರಗಾಲದಲ್ಲಿ ಹೇಗೆ ನಡೆದುಕೊಳ್ಳಬೇಕೆಂಬ ಸಂಹಿತೆಯೇನೋ 1880ರ ಬರಗಾಲ ಆಯೋಗದ ನಂತರ ಬ್ರಿಟಿಷರ ಕಾಲದಲ್ಲಿಯೇ ರೂಪುಗೊಂಡಿತ್ತು; ಅದನ್ನು ಇಷ್ಟು ದೊಡ್ಡ ಪ್ರಮಾಣದಲ್ಲಿ ನಡೆಸಲು ಮತ ಕೇಳಬೇಕಾದ ಸರ್ಕಾರವೇ ಬರಬೇಕಾಯಿತು. 1973ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಬರಗಾಲ ಕಾಮಗಾರಿಗಳಲ್ಲಿ ಸುಮಾರು 50 ಲಕ್ಷ ಜನರಿದ್ದರು. ಕೆಲಸ ಕೇಳುವುದು ಹಕ್ಕೆಂದು ಕಾನೂನಾದದ್ದು 1977ರಲ್ಲಿ. ಆದರೂ ಅದನ್ನು ಚಿನ್ನದ ಕಾಲವೆಂದು ಯಾರೂ ಬರೆಯಬಾರದು: ನಮ್ಮ ಊರಿನಲ್ಲಿ ಕೂಲಿಯ ಬಟವಾಡೆ ವಾರಗಟ್ಟಲೆ ತಡವಾಗುತ್ತಿತ್ತೆಂದು ತಂದೆಯವರು ಹೇಳುತ್ತಿದ್ದರು, ಜನ ಉಳಿದರೂ ದನಗಳು ಉಳಿಯಲಿಲ್ಲ. ಬೋರಿದಂಡೆಯವರೇ, ಅಜ್ಜಿಯವರಿಗೆ ಸಿಗುತ್ತಿದ್ದ ಕೂಲಿಯಲ್ಲಿ ಎಷ್ಟು ದಿನದ ಜೋಳ ಬರುತ್ತಿತ್ತೆಂದು ಕೇಳಿ ತಿಳಿಸುವಿರಾ?

ಬೋರಿದಂಡೆ:
ಕೇಳಿದೆ. ವಾರದ ಕೂಲಿಯಲ್ಲಿ ಐದು ದಿನದ ಜೋಳ ಬರುತ್ತಿತ್ತಂತೆ. ಉಳಿದೆರಡು ದಿನಕ್ಕೆ ಏನು ಮಾಡುತ್ತಿದ್ದಿರಿ ಎಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಮೊದಲು ಎಮ್ಮೆ ಮಾರಿದೆವು, ಆಮೇಲೆ ಎತ್ತು ಮಾರಿದೆವು, ಅಷ್ಟರಲ್ಲಿ ಮಳೆ ಬಂತು ಎಂದರು.