ಲಸಿಕೆ ಹಾಕಿಸಿದ್ದು ಫಾರ್ಮಿನಲ್ಲಿ ಬರೀಬೇಕಾ?

(ನಮ್ಮ ಕುಟುಂಬದ ವಾಟ್ಸಾಪ್ ಗುಂಪು, ಭಾನುವಾರ ರಾತ್ರಿ. ಹೆಸರುಗಳು ನನ್ನ ಮೊಬೈಲಿನಲ್ಲಿ ಸೇವ್ ಆಗಿರುವ ಹಾಗೆ.)

ಕುಂಬಳೆ ಭಾವ: [ಹಲವು ಬಾರಿ ಫಾರ್ವರ್ಡ್ ಆದದ್ದು] ಎಚ್ಚರ!! ಲಸಿಕೆ ಹಾಕಿಸಿದ್ದನ್ನು ಆರೋಗ್ಯ ವಿಮೆಯ ಫಾರ್ಮಿನಲ್ಲಿ ಬರೆದರೆ ಪಾಲಿಸಿ ರಿಜೆಕ್ಟ್. ಎಲ್ಲರಿಗೂ ಕಳಿಸಿ.

ಪೆರ್ಲ ಅತ್ತಿಗೆ: ಅಯ್ಯೋ, ನಮ್ಮ ಮಗಳಿಗೆ ನರ್ಸಿಂಗ್ ಸೇರುವಾಗ ಹೆಪಟೈಟಿಸ್ ಬಿ ಹಾಕಿಸಿದ್ದು. ಎರಡನೇ ಡೋಸ್ ಮೊನ್ನೆಯಷ್ಟೇ ಆಯ್ತು. ನಾಳೆ ಏಜೆಂಟ್ ಫಾರ್ಮ್ ತರ್ತಾನೆ. ಎಂತ ಮಾಡುದು?

ಕುಂಬಳೆ ಭಾವ: ಬರೀಲೇಬೇಡಿ.

ಬದಿಯಡ್ಕ ಚಿಕ್ಕಪ್ಪ: ಬರೀಲೇಬೇಕು! ಮುಖ್ಯ ವಿಷಯ ಅಡಗಿಸಿದ್ರೆ ಕಂಪೆನಿ ದುಡ್ಡು ಕೊಡ್ಬೇಕಾಗಿಲ್ಲ ಅಂತ 2009ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ನಾನು: ಚಿಕ್ಕಪ್ಪಾ, ಆ ಕೇಸಿನಲ್ಲಿ ಅಡಗಿಸಿದ್ದು ಲಸಿಕೆ ಅಲ್ಲ. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ.

ಮಂಗಳೂರು ಅಕ್ಕ: ಡ್ಯೂಟಿ ಮುಗಿಸಿ ಈಗ ನೋಡಿದೆ. ಭಾವ, ತೋಳಿನಲ್ಲಿ ಬಿಸಿಜಿ (ಕ್ಷಯದ ಲಸಿಕೆ) ಕಲೆ ಇಲ್ಲದವರು ಈ ಗುಂಪಿನಲ್ಲಿ ಯಾರಿದ್ದಾರೆ? ಈಗ ಹುಟ್ಟಿದ ಮಗುವಿಗೆ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಕೊಡ್ತಾರೆ. ಲಸಿಕೆಯೇ ರೋಗ ಅಂತಾದ್ರೆ ವಿಮೆ ಮಾಡಿಸ್ಲಿಕ್ಕೆ ಜನವೇ ಸಿಕ್ಕಲಿಕ್ಕಿಲ್ಲ.

ಮಂಗಳೂರು ಅಕ್ಕ: ಅತ್ತಿಗೆ, ನೀವು ಜಾಗ್ರತೆ ಮಾಡ್ಬೇಕಾದ್ದು ಬೇರೆ ಉಂಟು. ಕಂಪೆನಿ ರಕ್ತ ಪರೀಕ್ಷೆ ಕೇಳಿದ್ರೆ ಎಚ್‌ಬಿಎಸ್‌ಎಜಿ ನೋಡುದುಂಟು. ಅದು ಹೆಪಟೈಟಿಸ್ ಬಿ ವೈರಸ್ಸಿನ ಹೊರಮೈಯ ಪ್ರೋಟೀನು. ಲಸಿಕೆಯಲ್ಲಿ ಇರುವುದೂ ಅದೇ! ಡೋಸ್ ಆಗಿ 18 ದಿನದವರೆಗೂ ಕೆಲವರಿಗೆ ರೋಗ ಇಲ್ಲದಿದ್ರೂ ಸುಮ್ಮನೆ ಪಾಸಿಟಿವ್ ತೋರಿಸ್ತದೆ. ಒಂದು ತಿಂಗಳು ಬಿಟ್ಟು ರಕ್ತ ಕೊಡಿ, ಲಸಿಕೆಯ ಕಾರ್ಡು ಕೈಯಲ್ಲಿರಲಿ. ಮೂರೂ ಡೋಸ್ ಆದ ಮೇಲೆ ಆಂಟಿ-ಎಚ್‌ಬಿಎಸ್ ಪಾಸಿಟಿವ್ ಬಂದ್ರೆ ಹೆದರ್ಬೇಡಿ, ಅದು ಲಸಿಕೆ ಹಿಡಿದು ದೇಹದಲ್ಲಿ ಪ್ರತಿಕಾಯ ಹುಟ್ಟಿದ್ದರ ಗುರುತು. ಎರಡು ಹೆಸರೂ ಒಂದೇ ಥರ ಕೇಳ್ತದೆ, ಅಲ್ಲೇ ಎಡವುದು.

ಪೆರ್ಲ ಅತ್ತಿಗೆ: ಹಾಗಾದ್ರೆ ಏಜೆಂಟಿನ ಹತ್ರ ಹೇಳಿದ್ರೆ ಸಾಕಾ?

ಮಂಗಳೂರು ಅಕ್ಕ: ಬಾಯಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ. ಫಾರ್ಮಿನಲ್ಲಿ ಎಂತ ಕೇಳಿದ್ದಾರೆ ಓದಿ, ಕೇಳಿದ್ದಕ್ಕೆ ಸತ್ಯ ಬರೆಯಿರಿ. ಕೆಲವರು ಕಣ್ಣುಮುಚ್ಚಿ ಎಲ್ಲದಕ್ಕೂ 'ಇಲ್ಲ' ಟಿಕ್ ಮಾಡಿ ಸಹಿ ಹಾಕಿಸ್ತಾರೆ. ಭರ್ತಿ ಮಾಡಿದ್ದರ ಫೋಟೋ ಇಟ್ಕೊಳ್ಳಿ.

ಕುಂಬಳೆ ಭಾವ: ಹೋದ ವರ್ಷ ನಾಯಿ ಕಚ್ಚಿ ನಾನು ನಾಲ್ಕು ಸಲ ಚುಚ್ಚಿಸಿಕೊಂಡಿದ್ದೇನೆ. ಅದೂ ಬರೀಬೇಕಾ ಈಗ?

ಮಂಗಳೂರು ಅಕ್ಕ: ಪಶುವೈದ್ಯರು ನಾಯಿ ಕಚ್ಚುವ ಮೊದಲೇ ತಾವು ಹಾಕಿಸ್ಕೊಳ್ತಾರಲ್ಲ, ಅದು ಬರೀ ಮುಂಜಾಗ್ರತೆ. ನಿಮ್ಮದು ಕಚ್ಚಿದ ಮೇಲಿನ ಚಿಕಿತ್ಸೆ. 'ಚಿಕಿತ್ಸೆ ಪಡೆದಿದ್ದೀರಾ' ಅಂತ ಕೇಳಿದ್ರೆ ಹೌದು ಅನ್ನಿ. ಕಚ್ಚಿದ ತಾರೀಕು, ಡೋಸ್ ಮುಗಿದ ತಾರೀಕು, ಈಗ ಎಂತದ್ದೂ ಇಲ್ಲ ಅಂತ ಒಂದು ಸಾಲು.

ಕುಂಬಳೆ ಭಾವ: ಐದು ವರ್ಷ ದಾಟಿದ್ರೆ ಅವರು ಎಂತದ್ದೂ ಕೇಳ್ಲಿಕ್ಕಿಲ್ಲ. ಕಾನೂನು ಉಂಟು.

ಬದಿಯಡ್ಕ ಚಿಕ್ಕಪ್ಪ: ಅರ್ಧ ಓದಿದ್ದೀರಿ. 2024ರಲ್ಲಿ ಎಂಟು ವರ್ಷ ಇದ್ದದ್ದನ್ನು 60 ತಿಂಗಳು ಮಾಡಿದ್ರು, ಸರಿ. ಎಡೆಬಿಡದೆ ಕಟ್ಟಿರ್ಬೇಕು. ಮೋಸ ಅಂತ ಸಾಬೀತಾದ್ರೆ ಆ ರಕ್ಷಣೆಯೂ ಇಲ್ಲ.

ನೀರ್ಚಾಲು ಅಣ್ಣ: ಅಮ್ಮನಿಗೆ ಡಾಕ್ಟ್ರು ನ್ಯುಮೋನಿಯಾದ್ದು ಹಾಕಿಸಿದ್ದಾರೆ. ಅವರಿಗೂ ಪಾಲಿಸಿ ಮಾಡಿಸುವ ಅಂತ ಉಂಟು.

ಮಂಗಳೂರು ಅಕ್ಕ: ಯಾಕೆ ಹಾಕಿಸಿದ್ದು ಅಣ್ಣ?

ನೀರ್ಚಾಲು ಅಣ್ಣ: ಸಕ್ಕರೆ ಉಂಟಲ್ಲ, ಅದಕ್ಕೆ.

ಮಂಗಳೂರು ಅಕ್ಕ: ಮತ್ತೆ! ಬರೀಬೇಕಾದ್ದು ಸಕ್ಕರೆ, ಲಸಿಕೆ ಅಲ್ಲ. ಬರೆದ್ರೆ ಪ್ರೀಮಿಯಂ ಸ್ವಲ್ಪ ಏರಬಹುದು, ಸಕ್ಕರೆಯ ಖರ್ಚಿಗೆ ಹೆಚ್ಚಂದ್ರೆ 36 ತಿಂಗಳು ಕಾಯ್ಬೇಕಾದೀತು. ಬರೀದಿದ್ರೆ ಪಾಲಿಸಿಯೇ ಹೋದೀತು.

ದೊಡ್ಡಮ್ಮ: ನನಗೆ ಸಕ್ಕರೆ ಇಲ್ಲ. ಬಾರ್ಡರಿನಲ್ಲಿ ಉಂಟು ಅಷ್ಟೆ.

ಬದಿಯಡ್ಕ ಚಿಕ್ಕಪ್ಪ: ಅತ್ತಿಗೆ, ಕಾಸರಗೋಡಿನವರು ನಾವೆಲ್ಲ ಬಾರ್ಡರಿನಲ್ಲೇ ಇರುದು 😄 ಮಾತ್ರೆ ತಗೊಳ್ತೀರಾ?

ದೊಡ್ಡಮ್ಮ: ಬೆಳಿಗ್ಗೆ ಒಂದು, ರಾತ್ರಿ ಒಂದು. ಹೋಳಿಗೆ ತಿಂದ ದಿನ ಎರಡು.

ಮಂಗಳೂರು ಅಕ್ಕ: ದೊಡ್ಡಮ್ಮಾ!! ಫೋನ್ ಎತ್ತಿ, ಈಗಲೇ ಮಾಡ್ತೇನೆ.