ಪದಚರ್ಚೆ: ‘ನ್ಯೂ ಅರ್ಬನ್ ಜಾಬ್ಸ್’ಗೆ ‘ನಿವ್ವಳ ಉದ್ಯೋಗ ಸೃಷ್ಟಿ’ ಸರಿಯೇ?

ಎಲ್ಲರಿಗೂ ನಮಸ್ಕಾರ. ಚೀನಾದ ಆರ್ಥಿಕತೆ ಕುರಿತ ವರದಿಯ ಅನುವಾದ ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಒಂದು ಕೋಷ್ಟಕದ ತಲೆಬರಹ ‘ನ್ಯೂ ಅರ್ಬನ್ ಜಾಬ್ಸ್’. 2024ರ ಗುರಿ 1.2 ಕೋಟಿಗಿಂತ ಹೆಚ್ಚು, ಆದದ್ದು 1.256 ಕೋಟಿ. ‘ನಗರ ಪ್ರದೇಶದ ನಿವ್ವಳ ಉದ್ಯೋಗ ಸೃಷ್ಟಿ’ ಎಂದು ಹಾಕಿದ್ದೇನೆ. ಕೆಳಗಿನ ಟಿಪ್ಪಣಿಯಲ್ಲಿ ನಿರುದ್ಯೋಗ ದರವನ್ನು ‘ಲ್ಯಾಗಿಂಗ್ ಇಂಡಿಕೇಟರ್’ ಎಂದಿದ್ದಾರೆ. ‘ಹಿಂದುಳಿದ ಸೂಚ್ಯಂಕ’ ಆದೀತೇ?
– ಸು.

ಆಗದು. ‘ಹಿಂದುಳಿದ’ ಎಂದರೆ ಓದುಗರಿಗೆ ತಾಲ್ಲೂಕು, ವರ್ಗ ನೆನಪಾಗುತ್ತವೆ. ಸೂಚ್ಯಂಕವೂ ಅಲ್ಲ, ಸೂಚಕ. ಸೂಚ್ಯಂಕಕ್ಕೆ ಸಾಮಾನ್ಯವಾಗಿ ಒಂದು ಆಧಾರ ವರ್ಷ ಇರುತ್ತದೆ, ಹೆಚ್ಚಾಗಿ ಆ ವರ್ಷವನ್ನು 100 ಎಂದಿಟ್ಟು ಉಳಿದವನ್ನು ಅಳೆಯುತ್ತಾರೆ. ಪತ್ರಿಕೆಗಳು ದಿನಾ ಕಲಸುತ್ತವೆ, ನೀವು ಕಲಸಬೇಡಿ. ‘ತಡಸೂಚಕ’ ಎನ್ನಿ, ಅಂದರೆ ಆರ್ಥಿಕತೆ ಬದಲಾದ ಮೇಲೆ ತಡವಾಗಿ ಬದಲಾಗುವ ಸೂಚಕ. ಬೇಡಿಕೆ ಕುಸಿದಾಗ ಕಂಪನಿಗಳು ಮೊದಲು ಓವರ್‌ಟೈಮ್ ಕಡಿತ ಮಾಡುತ್ತವೆ, ಆಮೇಲೆ ನೇಮಕಾತಿ ನಿಲ್ಲಿಸುತ್ತವೆ, ಜನರನ್ನು ತೆಗೆಯುವುದು ಕೊನೆಗೆ. ಹಾಗಾಗಿ ವಾರದ ದುಡಿಮೆಯ ಗಂಟೆ ಮುನ್ಸೂಚಕ, ನಿರುದ್ಯೋಗ ದರ ತಡಸೂಚಕ.

ದೊಡ್ಡ ತಪ್ಪು ‘ನಿವ್ವಳ’. ಚೀನಾದ ಈ ಅಂಕಿ ಎಂದರೆ ವರ್ಷದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರಲ್ಲಿ ನಿವೃತ್ತರಾದವರನ್ನೂ ತೀರಿಕೊಂಡವರನ್ನೂ ಕಳೆದದ್ದು. ಕೆಲಸ ಕಳೆದುಕೊಂಡವರನ್ನು ಇದರಲ್ಲಿ ಕಳೆಯುವುದಿಲ್ಲ. ಮಾರ್ಚ್‌ನಲ್ಲಿ ಕೆಲಸ ಹೋಗಿ ಜುಲೈನಲ್ಲಿ ಬೇರೆ ಕಡೆ ಸೇರಿದವನು ‘ಹೊಸಬ’ನಾಗಿ ಲೆಕ್ಕಕ್ಕೆ ಬರುತ್ತಾನೆ. ಗುರಿ ಮುಟ್ಟಿದ ವರ್ಷವೂ ದುಡಿಯುವವರ ಸಂಖ್ಯೆ ಅಷ್ಟು ಏರಿರಬೇಕೆಂದಿಲ್ಲ. ‘ನಿವ್ವಳ’ ಎಂದರೆ ವರದಿ ಹೇಳದ ಸುಳ್ಳನ್ನು ಅನುವಾದ ಹೇಳಿದಂತಾಗುತ್ತದೆ.
– ರಾ. ಕೃ.

ನಿವ್ವಳ ಮರಾಠಿಯದು, ಹೋದದ್ದೇ ಒಳ್ಳೆಯದಾಯಿತು. ನಗರ, ಉದ್ಯೋಗ, ಸೃಷ್ಟಿ ಮೂರೂ ಸಂಸ್ಕೃತ. ನಗರಕ್ಕೆ ‘ಪೊೞಲ್’ ಹಳಗನ್ನಡದಲ್ಲೇ ಇದೆ, ಹೊಳಲ್ಕೆರೆಯಲ್ಲಿ ಈಗಲೂ ಉಳಿದಿದೆ. ‘ಹೊಳಲಿನ ಹೊಸ ಕೆಲಸಗಳು’ ಎಂದರೆ ಮುಗಿಯಿತು.
– ಮ.

ಹೊಳಲಿಗೆ ಅಡಿಟಿಪ್ಪಣಿ ಬೇಕಾಗುತ್ತದೆ, ಕೋಷ್ಟಕದಲ್ಲಿ ಜಾಗವಿಲ್ಲ. ‘ಕೆಲಸಗಳು’ ಕೂಡ ಎಡವಟ್ಟು. ಇಲ್ಲಿ ಎಣಿಸುವುದು ತಲೆಗಳನ್ನು. ಅಮೆರಿಕದ ಸಂಬಳಪಟ್ಟಿ ಸಮೀಕ್ಷೆ ಎಣಿಸುವುದು ಹುದ್ದೆಗಳನ್ನು. ಇಬ್ಬರು ಮಾಲೀಕರ ಬಳಿ ದುಡಿಯುವವನು ಅಲ್ಲಿ ಎರಡು ಸಲ ಬರುತ್ತಾನೆ, ಮನೆಮನೆ ಸಮೀಕ್ಷೆಯಲ್ಲಿ ಒಂದೇ ಸಲ. ಹಾಗಾಗಿ ಆ ಸಂಬಳಪಟ್ಟಿಯ ಅಂಕಿಗೆ ‘ಹುದ್ದೆ’, ಚೀನಾದ ಈ ಅಂಕಿಗೆ ‘ಕೆಲಸಕ್ಕೆ ಸೇರಿದವರು’.
– ರಾ. ಕೃ.

ಹುದ್ದೆ ಅರಬ್ಬಿ.
– ಮ.

ಇರಲಿ. ಬ್ಯಾಂಕಿನಲ್ಲಿ ನಗದು, ಬಾಕಿ, ಜಮಾ ಎನ್ನುವಾಗ ಯಾರಿಗೂ ಹೊಟ್ಟೆನೋವು ಬರುವುದಿಲ್ಲ. ಎರವಲು ಪದ ಅರ್ಥ ಕೆಡಿಸುವುದಿಲ್ಲ, ಅಂಕಿ ಏನೆಂದು ನೋಡದೆ ಪದ ಹಚ್ಚಿದರೆ ಕೆಡುತ್ತದೆ.
– ರಾ. ಕೃ.

ಹಾಗೆ ಅನ್ನುತ್ತಲೇ ಕನ್ನಡದ ಅರ್ಧ ನಿಘಂಟು ಮ್ಯೂಸಿಯಂ ಸೇರಿತು. ತಮಿಳರು ಇಂಥ ಪದಗಳನ್ನು ಕಟ್ಟಿಕೊಂಡಿಲ್ಲವೇ?
– ಮ.

ಅದನ್ನು ಬೇರೆ ಎಳೆಯಲ್ಲಿ ಜಗಳವಾಡಿ. ಸು. ಅವರೇ, ಇನ್ನೊಂದು: ಅದೇ ಪುಟದಲ್ಲಿ ನಿರುದ್ಯೋಗ ದರಕ್ಕೆ ‘ನೋಂದಾಯಿತ’ ಎಂದಿದೆಯೋ ‘ಸಮೀಕ್ಷಿತ’ ಎಂದಿದೆಯೋ ನೋಡಿಕೊಳ್ಳಿ. ಮೊದಲನೆಯದು ಉದ್ಯೋಗ ಕಚೇರಿಗೆ ಹೋಗಿ ಹೆಸರು ಬರೆಸಿದವರದ್ದು ಮಾತ್ರ. 2024ಕ್ಕೆ ಸುಮಾರು ಶೇ 5.5 ಎಂದು ಇಟ್ಟುಕೊಂಡ ಗುರಿ ಎರಡನೆಯದರದ್ದು. ವಿಶೇಷಣ ಬಿಟ್ಟು ಬರೀ ‘ನಿರುದ್ಯೋಗ ದರ’ ಎನ್ನಬೇಡಿ.
– ಪ. ಭ.

ಸಮೀಕ್ಷಿತ ಎಂದೇ ಇದೆ. ತಲೆಬರಹ ಹೀಗಾಯಿತು: ‘ನಗರಗಳಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರು (ನಿವೃತ್ತಿ, ಮರಣ ಕಳೆದು)’. ಎರಡು ಸಾಲಿನಲ್ಲಿ ಕೂರುತ್ತದೆ.
– ಸು.

ಆವರಣದೊಳಗಿನದನ್ನು ಬಿಡಬೇಡಿ, ಸಂಪಾದಕರು ಮೊದಲು ಕತ್ತರಿ ಹಾಕುವುದೇ ಅಲ್ಲಿಗೆ.
– ರಾ. ಕೃ.